ಆಣೆ ಇಡದ ನೀರುಗಂಟಿ

ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನೀರಿನ ಮೇಲೆ ತೆಳ್ಳಗೆ ಮಂಜು ಕೂತಿದೆ. ಆಚೆ ದಡದಲ್ಲಿ ಯಾರೋ ಎಮ್ಮೆ ತೊಳೆಯುವ ಸದ್ದು ಕೇಳುತ್ತದೆ, ಎಮ್ಮೆ ಮಾತ್ರ ಕಾಣುವುದಿಲ್ಲ. ಇಷ್ಟು ಹೊತ್ತಿಗಾಗಲೇ ಕರಿಸಿದ್ದಪ್ಪ ಗುದ್ದಲಿಯನ್ನು ಏರಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ನೀರು ಬಿಡುವ ತೂಬಿನ ಕಲ್ಲುಕಂಬಗಳ ನಡುವೆ ಸೊಂಟದುದ್ದ ನೀರಿನಲ್ಲಿ ನಿಂತಾಗಿದೆ. ತೂಬಿನ ಬಾಯಿಗೆ ಬಡಿದಿರುವ ಮರದ ಗೂಟವನ್ನು ಎರಡೂ ಕೈಯಿಂದ ಹಿಡಿದು, ಹಲ್ಲು ಅಲ್ಲಾಡಿಸುವ ಹಾಗೆ ಆ ಕಡೆ ಈ ಕಡೆ ಅಲ್ಲಾಡಿಸುತ್ತಾರೆ. ಗೂಟ ಸಡಿಲವಾಗುತ್ತಿದ್ದಂತೆ ಏರಿಯ ಹೊಟ್ಟೆಯೊಳಗಿಂದ ಗುಡುಗುಡು ಎಂದು ಸದ್ದು ಬರುತ್ತದೆ. ಆ ಸದ್ದು ಕೇಳಿದ್ದೇ ತಡ, ಅರವತ್ತು ದಾಟಿದ ಈ ಮನುಷ್ಯ ಒದ್ದೆ ಪಂಚೆಯಲ್ಲೇ ಏರಿ ಹತ್ತಿ ಆಚೆ ಬದಿಗೆ ಓಡುತ್ತಾರೆ. ಕಾಲುವೆಯಲ್ಲಿ ನೀರು ಬಂದದ್ದನ್ನು ಕಣ್ಣಾರೆ ನೋಡದ ಹೊರತು ಸಮಾಧಾನವಿಲ್ಲ.

"ಬಂತಾ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ. "ಬಂತು" ಎಂದು ತಾವೇ ಹೇಳಿಕೊಳ್ಳುತ್ತಾರೆ. ಆಮೇಲೆ ಗುದ್ದಲಿ ಹೆಗಲಿಗೇರುತ್ತದೆ.

ಕರಿಸಿದ್ದಪ್ಪ ಈ ಕೆರೆಯ ನೀರುಗಂಟಿ. ಅಂದರೆ ಕೆರೆಯ ನೀರನ್ನು ಯಾವ ಗದ್ದೆಗೆ, ಯಾವಾಗ, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವವರು. ಅವರ ಅಪ್ಪ ಇದೇ ಕೆಲಸ ಮಾಡಿದವರು, ಅವರಪ್ಪನೂ ಇದೇ. ಸಂಬಳವೆಂಬುದು ಕಣದಲ್ಲಿ ಪ್ರತಿಯೊಬ್ಬ ರೈತನೂ ಕೊಡುವ ಭತ್ತದ ಹೊರೆ, ಜೊತೆಗೆ ತೂಬಿನ ಪಕ್ಕದಲ್ಲೇ ಉಂಬಳಿಯಾಗಿ ಬಂದ ಒಂದು ಅಂಗೈಯಗಲದ ಗದ್ದೆ. ಕೇರಿ ಊರಿನಿಂದ ದೂರ. ಕರಿಸಿದ್ದಪ್ಪ ಮುಟ್ಟಿದ ಚೊಂಬಿನಿಂದ ಊರಿನವರು ನೀರು ಕುಡಿಯುವುದಿಲ್ಲ. ಆದರೆ ಅವರ ಕೈಯಿಂದ ಹರಿದ ನೀರಿನಲ್ಲಿ ಬೆಳೆದ ಅನ್ನವನ್ನು ಮೂರು ಹೊತ್ತೂ ಚಪ್ಪರಿಸಿಕೊಂಡು ಉಣ್ಣುತ್ತಾರೆ. ಮಡಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಊರಿನ ಹಿರಿಯರಿಗೇ ಗೊತ್ತು.

ಕೆಲಸ ಕೇಳುವುದಕ್ಕೆ ಸುಲಭ. ಮಾಡಲು ಹೋದರೆ ಬೆವರಿಳಿಯುತ್ತದೆ. ಬೆಳಗಿನ ಜಾವ ತೂಬು ತೆಗೆದರೆ ಹೊತ್ತು ಮುಳುಗುವವರೆಗೂ ಕಾಲುವೆಯ ಉದ್ದಕ್ಕೂ ನಡಿಗೆ. ಒಂದು ಗದ್ದೆಯ ಬದುವನ್ನು ಕಡಿಯಬೇಕು, ತುಂಬಿದ ಮೇಲೆ ಮಣ್ಣು ಒತ್ತಿ ಮುಚ್ಚಬೇಕು, ಮುಂದಿನದಕ್ಕೆ ಹೋಗಬೇಕು. ತೂಬಿನ ಕಂಬದ ನೆರಳು ನೋಡಿಯೇ ಪಾಳಿಯ ಲೆಕ್ಕ. ಕಾಲುವೆ ತಲೆಯ ಗದ್ದೆಯವರು "ಇನ್ನೊಂಚೂರು ಬಿಡು" ಎನ್ನುತ್ತಾರೆ, ಕಾಲುವೆ ಕೊನೆಯವರು "ನಮಗೆ ಬರೀ ಕೆಸರು ಬಂತು" ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆ ತಳ ಕಂಡಿತೆಂದರೆ ಅಣ್ಣತಮ್ಮಂದಿರೇ ಗುದ್ದಲಿ ಎತ್ತಿಕೊಂಡು ನಿಲ್ಲುವುದುಂಟು. ಆ ಎರಡು ಗುದ್ದಲಿಗಳ ನಡುವೆ ನಿಲ್ಲುವವನೇ ನೀರುಗಂಟಿ.

ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯುತ್ತಾರೆಂದು ಹೇಳಿದರೆ ಕರಿಸಿದ್ದಪ್ಪ ಹಿಗ್ಗುವುದೂ ಇಲ್ಲ, ನಾಚುವುದೂ ಇಲ್ಲ. "ಇದ್ದದ್ದು ಮಾತ್ರ ಬರೀತಾರಾ?" ಎಂದು ಕೇಳಿ, ಗದ್ದೆಯ ಕಡೆ ತಿರುಗಿ ನಡೆದೇ ಬಿಡುತ್ತಾರೆ. ಅವರ ಹೆಂಡತಿ ಕೆಂಚಮ್ಮ ಹಾಗಲ್ಲ. ಬುತ್ತಿಯ ಗಂಟು ಹಿಡಿದು ಏರಿಯ ಮೇಲೆ ಬಂದವರು, ಹೊಂಗೆಮರದ ನೆರಳಲ್ಲಿ ಕಾಲು ಚಾಚಿ ಕೂತುಬಿಡುತ್ತಾರೆ. "ಅವ್ರನ್ನ ಕೇಳಿದ್ರೆ ಹೌದು, ಇಲ್ಲ, ಎರಡೇ ಮಾತು ಕಣ್ರೀ. ನಾನು ಹೇಳ್ತೀನಿ ಕೂತ್ಕಳಿ. ನಂಗೆ ಮಾತಿಗೇನು ಬಡತನ ಇಲ್ಲ" ಎನ್ನುತ್ತಾರೆ. ಆ ಮಾತು ಎಳ್ಳಷ್ಟೂ ಸುಳ್ಳಲ್ಲ.

ಕಥೆ ಶುರುವಾಗುವುದು ಅಜ್ಜಂಪುರದ ಸಂತೆಯಲ್ಲಿ, ಜರ್ಮನಿಯ ಯುದ್ಧಕ್ಕೆ ಮೂರ್ನಾಲ್ಕು ವರ್ಷ ಮೊದಲು. ಗುದ್ದಲಿಗೆ ಹೊಸ ಮರದ ಕಾವು ಕೊಳ್ಳಲು ಕರಿಸಿದ್ದಪ್ಪ ಸಂತೆಗೆ ಹೋಗಿದ್ದರು. ಅಲ್ಲಿ ತರೀಕೆರೆ ಮಿಷನ್ನಿನ ಉಪದೇಶಿ ದಾನಿಯೇಲಪ್ಪನವರು ಹುಣಸೆಮರದ ಕೆಳಗೆ ನಿಂತು ದೇವರ ವಾಕ್ಯ ಓದುತ್ತಿದ್ದರು. ಸಂತೆಯಲ್ಲಿ ಯಾರು ಕೇಳುತ್ತಾರೆ? ಕುರಿ ವ್ಯಾಪಾರದವರು ಒಂದು ಗಳಿಗೆ ನಿಂತು ಮುಂದೆ ಹೋದರು. ಕರಿಸಿದ್ದಪ್ಪ ಮಾತ್ರ ಕಾವನ್ನು ನೆಲಕ್ಕೂರಿ ನಿಂತುಬಿಟ್ಟರು, ಏಕೆಂದರೆ ಓದುತ್ತಿದ್ದದ್ದು ನೆರೆಯ ವಿಷಯ. ಒಬ್ಬ ಬಂಡೆಯ ಮೇಲೆ ಮನೆ ಕಟ್ಟಿದನಂತೆ, ಇನ್ನೊಬ್ಬ ಮರಳಿನ ಮೇಲೆ. ಮಳೆ ಬಂತು, ಹೊಳೆ ಬಂತು, ಮರಳ ಮೇಲಿನದು ಬಿತ್ತು.

"ಮರಳ ಮೇಲೆ ಯಾವ ತಲೆಕೆಟ್ಟೋನು ಕಟ್ತಾನೆ ಅಯ್ಯೋರೇ?" ಎಂದು ನೀರುಗಂಟಿ ಅಲ್ಲೇ ತಕರಾರು ತೆಗೆದರು. ಏರಿ ಕಟ್ಟುವ ವಂಶದವರಲ್ಲವೇ, ಬುನಾದಿಯ ವಿಷಯದಲ್ಲಿ ಬಿಡುವವರಲ್ಲ.

ದಾನಿಯೇಲಪ್ಪನವರು ನಕ್ಕರಂತೆ. ದೇವರ ಮಾತು ಕೇಳಿ ಹಾಗೇ ನಡೆದವನು ಬಂಡೆಯ ಮೇಲೆ ಕಟ್ಟಿದವನು, ಕೇಳಿ ತಲೆದೂಗಿ ಮನೆಗೆ ಹೋದವನು ಮರಳ ಮೇಲೆ ಕಟ್ಟಿದವನು ಎಂದು ಬಿಡಿಸಿ ಹೇಳಿದರು. ಕರಿಸಿದ್ದಪ್ಪ ಅಷ್ಟೂ ದಾರಿ ಅದನ್ನೇ ಮೆಲುಕು ಹಾಕುತ್ತಾ ಊರಿಗೆ ಬಂದರು. ಮುಂದಿನ ಸಂತೆಗೆ ಕೊಳ್ಳುವುದೇನೂ ಇರಲಿಲ್ಲ, ಆದರೂ ಹೋದರು. ಮುಂದಿನ ಬೇಸಿಗೆಯಲ್ಲಿ ತರೀಕೆರೆಗೆ ಹೋಗಿ ದೀಕ್ಷಾಸ್ನಾನ ಪಡೆದು ಬಂದರು. ಅಲ್ಲಿ ಯೋಹಾನ ಎಂದು ಹೆಸರಿಟ್ಟರು. ಆ ಹೆಸರು ಮಿಷನ್ನಿನ ದೇವಾಲಯದ ಬಾಗಿಲಿನ ತನಕ ನಡೆಯುತ್ತದೆ. ಊರಿನಲ್ಲಿ ಈಗಲೂ ಕರಿಸಿದ್ದನೇ.

"ನಾನು ಹೋಗ್ಲಿಲ್ಲ ಆವಾಗ. ನಮ್ಮ ಅಮ್ಮನ ಕಾಲದಿಂದ ನಡ್ಕೊಂಡ್ ಬಂದ ದೇವ್ರು ನಮಗಿಲ್ವಾ? ನೀನು ಬೇಕಾದ್ರೆ ಹೋಗಯ್ಯ, ನನ್ನ ಕರೀಬೇಡ ಅಂದ್ಬಿಟ್ಟೆ" ಎನ್ನುತ್ತಾರೆ ಕೆಂಚಮ್ಮ. ಕರಿಸಿದ್ದಪ್ಪ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಏನಾಗುತ್ತಿತ್ತೆಂದು ಅವರಿಗೂ ಗೊತ್ತಿತ್ತು.

ಓದು ಬಾರದ ಈ ಮನುಷ್ಯ ದೇವರ ವಾಕ್ಯವನ್ನು ತೆಗೆದುಕೊಂಡ ರೀತಿಯೇ ಬೇರೆ. ಉಪದೇಶಿಗಳು ತಿಂಗಳಿಗೊಮ್ಮೆ ಕೇರಿಗೆ ಬಂದು ಓದುತ್ತಿದ್ದರು, ಒಂದೇ ಸಂಜೆಗೆ ಒಂದು ಅಧ್ಯಾಯ. ಕರಿಸಿದ್ದಪ್ಪ ಮಧ್ಯದಲ್ಲೇ ಕೈ ಎತ್ತುತ್ತಿದ್ದರು. "ನಿಲ್ಸಿ ಅಯ್ಯೋರೇ. ಇದೊಂದು ಸಾಕು. ಒಂದು ಗದ್ದೆ ತುಂಬ್ದೆ ಇನ್ನೊಂದಕ್ಕೆ ನೀರು ಬಿಟ್ರೆ ಎರಡೂ ಕೆಡ್ತವೆ." ಆ ಒಂದು ಮಾತನ್ನು ಹಿಡಿದು, ಅದರ ಹಾಗೆ ನಡೆದು, ಅದು ಮೈಗೆ ಹತ್ತಿತೆಂದು ಅನ್ನಿಸುವ ತನಕ ಅವರು ಇನ್ನೊಂದನ್ನು ಕೇಳುತ್ತಿರಲಿಲ್ಲ. ಬಡವರಿಗೆ ಕೊಡು ಎಂಬ ಮಾತು ಒಂದು ಮಳೆಗಾಲ ಹಿಡಿಯಿತು. ಸಿಟ್ಟು ಮಾಡಬೇಡ ಎಂಬುದಕ್ಕೆ ಎರಡು ವರ್ಷ ಬೇಕಾಯಿತು. ಅದಕ್ಕೆ ಕಾರಣ ತಾನೇ ಎಂದು ಕೆಂಚಮ್ಮ ಒಪ್ಪಿಕೊಳ್ಳುತ್ತಾರೆ. ಪಾಪ, ಉಪದೇಶಿಗಳ ಬೇರೆ ಊರಿನ ಶಿಷ್ಯರೆಲ್ಲ ಎರಡನೇ ಪುಸ್ತಕಕ್ಕೆ ಹೋಗಿದ್ದರು, ಇವರು ಇನ್ನೂ ಮೂರನೇ ಮಾತಿನಲ್ಲಿದ್ದರು.

ಆ ಮೂರನೇ ಮಾತೇ ಮನೆಗೆ ಬೆಂಕಿ ತಂದಿಟ್ಟದ್ದು. ಆಣೆ ಇಡಲೇಬೇಡ, ಹೌದಾದರೆ ಹೌದು ಅನ್ನು, ಇಲ್ಲವಾದರೆ ಇಲ್ಲ ಅನ್ನು, ಅಷ್ಟಕ್ಕೆ ನಿಲ್ಲಿಸು.

ಕೇಳಿದಾಗ ಕರಿಸಿದ್ದಪ್ಪ ಬೆಚ್ಚಿಬಿದ್ದರಂತೆ. ಏಕೆಂದರೆ ಆಣೆಯಿಲ್ಲದೆ ಅವರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. "ಅಪ್ಪನಾಣೆ ಹಸಿವಾಗೈತೆ", "ಈ ಗುದ್ದಲಿ ಆಣೆ ನಾಳೆ ಬತ್ತೀನಿ", "ನಿನ್ನಾಣೆ ಕಣೇ ಸಾರು ಚೆನ್ನಾಗೈತೆ". ಹೊಗೆಸೊಪ್ಪು ಬಿಟ್ಟವರು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ತಿರುಗುವ ಹಾಗೆ, ಕರಿಸಿದ್ದಪ್ಪ ಕೆಲವು ತಿಂಗಳು ಬಾಯಿ ತೆರೆದು, ತಡೆದು, ಮುಚ್ಚಿ, ಮತ್ತೆ ತೆರೆದು ಮಾತಾಡಿದರು. ಕೇರಿಯವರು ಇವರಿಗೆ ಏನೋ ಗಾಳಿ ಸೋಕಿದೆ ಎಂದುಕೊಂಡರು.

ಮನೆಮಾತಿನ ಆಣೆ ಹೋದರೆ ಹೋಯಿತು. ಆದರೆ ಕೆರೆಯಲ್ಲಿ ಒಂದು ಆಣೆ ಇತ್ತು. ನೀರಿನ ಜಗಳ ಬಂದಾಗ ಪಟೇಲರು ಎಲ್ಲರನ್ನೂ ತೂಬಿನ ಹತ್ತಿರ ಸೇರಿಸುತ್ತಾರೆ. ನೀರುಗಂಟಿ ಬೊಗಸೆಯಲ್ಲಿ ಕೆರೆಯ ನೀರೆತ್ತಿ, "ನಾನು ಕಳ್ಳತನದಲ್ಲಿ ನೀರು ತಿರುಗಿಸಿದ್ರೆ ಈ ನೀರು ನನ್ನ ಗಂಟಲಲ್ಲಿ ಇಳೀದೇ ಇರ್ಲಿ" ಎಂದು ಹೇಳಿ ಕುಡಿಯಬೇಕು. ಕುಡಿದನೆಂದರೆ ವ್ಯಾಜ್ಯ ಮುಗಿಯಿತು, ಆ ಮಾತನ್ನು ಯಾರೂ ಮತ್ತೆ ಎತ್ತುವಂತಿಲ್ಲ. ಕುಡಿಯಲಿಲ್ಲವೆಂದರೆ ಅವನೇ ಕಳ್ಳ, ಮತ್ತೆ ವಿಚಾರಿಸುವ ಗೋಜಿಲ್ಲ. ಕರಿಸಿದ್ದಪ್ಪನ ಅಪ್ಪ ಎಷ್ಟೋ ಸಲ ಕುಡಿದಿದ್ದರು. ಕರಿಸಿದ್ದಪ್ಪನೂ ಕುಡಿದಿದ್ದರು.

ಯುದ್ಧ ಶುರುವಾದ ವರ್ಷದ ಬೇಸಿಗೆ. ಕಾಲುವೆಯ ಕೊನೆಯಲ್ಲಿ ಗದ್ದೆಯಿರುವ ದೇವೀರಪ್ಪನವರ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗಿ ನಿಂತಿತು. ತಮ್ಮ ಪಾಳಿಯ ನೀರನ್ನು ನೀರುಗಂಟಿ ಕಾಲುವೆ ತಲೆಯ ಗದ್ದೆಯ ತೀರ್ಥಮ್ಮನಿಗೆ ಕದ್ದು ಬಿಟ್ಟಿದ್ದಾನೆಂದು ಅವರು ಪಟೇಲರ ಜಗಲಿಗೆ ದೂರು ತಂದರು. ಪಟೇಲ ಷಣ್ಮುಖಪ್ಪನವರು ನ್ಯಾಯವಂತರೇ. ಎಲ್ಲರನ್ನೂ ತೂಬಿಗೆ ಕರೆದರು.

"ಏನ್ಲಾ ಕರಿಸಿದ್ದ, ನೀರು ತಿರುಗಿಸಿದ್ಯಾ?"

"ಇಲ್ಲ ಬುದ್ಧಿ."

"ಸರಿ, ಕುಡಿ ಹಂಗಾರೆ."

"ಇಲ್ಲ ಅಂದ್ನಲ್ಲ ಬುದ್ಧಿ. ಆಣೆ ಇಡಾಕಿಲ್ಲ."

ದೇವೀರಪ್ಪನವರೇ ಒಂದು ಕ್ಷಣ ಪೆಚ್ಚಾದರಂತೆ, ಅವರಿಗೆ ಬೇಕಾಗಿದ್ದದ್ದು ಜಗಳ, ಇಷ್ಟು ಬೇಗ ಗೆಲುವು ಅವರು ಎಣಿಸಿರಲಿಲ್ಲ. ಪಟೇಲರು ಎರಡು ಸಲ ಕೇಳಿದರು, ಮೂರು ಸಲ ಕೇಳಿದರು. ದೇವರು ಬೇಡವೆಂದಿದ್ದಾನೆ, ನನ್ನ ಇಲ್ಲ ಅನ್ನೋದನ್ನೇ ತಗೊಳ್ಳಿ ಎಂದು ಕರಿಸಿದ್ದಪ್ಪ ಕೈಮುಗಿದರು. ಅಷ್ಟು ಜನರಲ್ಲಿ ಒಬ್ಬರಿಗೂ ಆ ಮಾತು ತಲೆಗೆ ಹೋಗಲಿಲ್ಲ. ಗಂಟಲಿಗೆ ಹೆದರಿದ್ದಾನೆ ಎಂದೇ ಎಲ್ಲರೂ ತಿಳಿದರು.

ಉಂಬಳಿ ಗದ್ದೆ ಉಳಿಯಿತು, ಕೆಲಸ ಹೋಯಿತು. ತೂಬಿನ ಗೂಟ ಅದೇ ಕೇರಿಯ ಚಿಕ್ಕಬೀರಪ್ಪನ ಕೈಗೆ ಬಂತು. ಚಿಕ್ಕಬೀರಪ್ಪ ಆಣೆಗೆ ಹೆದರುವ ಜಾತಿಯೇ ಅಲ್ಲ, ಕೇಳುವುದರೊಳಗೆ ಬೊಗಸೆ ಒಡ್ಡುವವನು. ಕರಿಸಿದ್ದಪ್ಪ ಅಜ್ಜಂಪುರದಲ್ಲಿ ರೈಲುಹಾದಿಗೆ ಜಲ್ಲಿ ಹೊರಲು ಹೋದರು. ಆ ದಿನಗಳನ್ನು ನೆನೆದರೆ ಕೆಂಚಮ್ಮನ ದನಿ ಈಗಲೂ ಏರುತ್ತದೆ. "ಉಗಿದೆ ಕಣ್ರೀ ಇವ್ರಿಗೆ! ಕದ್ದಿದ್ರೆ ಕುಡೀಬೇಡ. ಕದ್ದಿಲ್ಲ ಅಂದ್ಮೇಲೆ ಒಂದು ಬೊಗ್ಸೆ ನೀರು ಕುಡಿಯಾಕೆ ಏನಯ್ಯಾ ದಾಡಿ ನಿಂಗೆ? ನಿಮ್ಮಪ್ಪ ಕುಡೀಲಿಲ್ವಾ? ಮಕ್ಕಳ ಬಾಯಿಗೆ ಮಣ್ಣು ಹಾಕ್ದಲ್ಲೋ ಅಂದೆ. ಉಣ್ಣಾಕೆ ಇಕ್ಕಿದ್ದು ಹಂಗೇ ಬಿಟ್ಟು ಎದ್ದೋದ್ರು. ಬೈಯಲಿಲ್ಲ. ಬೈದಿದ್ರೆ ನಂಗೆ ಸಮಾಧಾನ ಆಗ್ತಿತ್ತು."

ಉಪದೇಶಿ ದಾನಿಯೇಲಪ್ಪನವರು ಸುದ್ದಿ ಕೇಳಿ ತರೀಕೆರೆಯಿಂದ ಓಡಿಬಂದರು. ತಾವೇ ಪಟೇಲರ ಜೊತೆ ಮಾತಾಡುತ್ತೇನೆಂದರು. ಕರಿಸಿದ್ದಪ್ಪ ಒಪ್ಪಲಿಲ್ಲ. "ನೀವು ಹೇಳಿ ನಂಬಿದ್ರೆ ನಿಮ್ಮನ್ನ ನಂಬಿದಂಗಾಯ್ತು ಅಯ್ಯೋರೇ. ನನ್ನ ಮಾತು ಹಂಗೇ ಬಿದ್ದಿರ್ತದೆ" ಎಂದರು. ಆ ರಾತ್ರಿ ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದರೆಂದು ಕೆಂಚಮ್ಮ ನೆನೆಯುತ್ತಾರೆ. ಬಡಿಸಿದವಳು ತಾನೇ ಎಂದೂ ಸೇರಿಸುತ್ತಾರೆ.

ಇನ್ನೊಂದು ಮಳೆಗಾಲ ಬರುವ ಹೊತ್ತಿಗೆ ಊರಿಗೆ ಬುದ್ಧಿ ಬಂತು, ಅರ್ಧ ಬುದ್ಧಿ. ಚಿಕ್ಕಬೀರಪ್ಪನ ಕಾಲದಲ್ಲಿ ನೀರು ಯಾರು ಗಟ್ಟಿಯಾಗಿ ಕೂಗಿದರೋ ಅವರ ಕಡೆ ಹೋಗುತ್ತಿತ್ತು. ಕಾಲುವೆ ಹೂಳು ತುಂಬಿತು. ತೂಬು ಮುಚ್ಚಲು ಮರೆತು ನೀರು ಹಳ್ಳಕ್ಕೆ ಹರಿದದ್ದೂ ಆಯಿತು. ಪಟೇಲರು ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದರು. ಇಂಥ ಉಪಾಯ ಮೈಸೂರು ಸಂಸ್ಥಾನದಲ್ಲಿ ಇನ್ನೆಲ್ಲೂ ನಡೆದಿರಲಾರದು: ನೀರು ಬಿಡುವುದು ಕರಿಸಿದ್ದಪ್ಪ, ಅವರ ಪರವಾಗಿ ಆಣೆ ಇಡುವುದು ಚಿಕ್ಕಬೀರಪ್ಪ! ಅದಕ್ಕೆಂದೇ ಸುಗ್ಗಿಯಲ್ಲಿ ಚಿಕ್ಕಬೀರಪ್ಪನಿಗೆ ಒಂದು ಹೊರೆ ಭತ್ತ.

ಕರಿಸಿದ್ದಪ್ಪ ಬೇಡವೆಂದರು. ಯಾರೂ ಕೇಳಲಿಲ್ಲ. ಮನೆಯಲ್ಲಿ ಹಿಟ್ಟಿರಲಿಲ್ಲ, ಗುದ್ದಲಿ ತೆಗೆದುಕೊಂಡು ಕೆಲಸಕ್ಕೆ ಹೋದರು. ಮುಂದೆ ಎಷ್ಟೋ ಜಗಳಗಳಲ್ಲಿ ಅವರು "ಇಲ್ಲ ಬುದ್ಧಿ" ಎಂದು ಹೇಳುವುದು, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿರುವುದು, ಚಿಕ್ಕಬೀರಪ್ಪ ನೀರು ಕುಡಿದು ಬಾಯಿ ಒರೆಸಿಕೊಳ್ಳುವುದು, ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುವುದು ನಡೆಯಿತು. ಜಲ್ಲಿ ಹೊತ್ತ ವರ್ಷಕ್ಕಿಂತ ಈ ವರ್ಷಗಳೇ ಅವರಿಗೆ ಭಾರವಾಗಿದ್ದವು. "ಅಲ್ಲಿ ನಾನು ಕಳ್ಳ ಆಗಿದ್ದೆ. ಇಲ್ಲಿ ನಾನು ಇರ್ಲೇ ಇಲ್ಲ" ಎಂದು ಅವರು ಒಂದೇ ಸಲ ಹೇಳುತ್ತಾರೆ, ಗದ್ದೆಯ ಬದು ಒತ್ತುತ್ತಾ, ತಲೆ ಎತ್ತದೆ.

ಆಮೇಲೆ ಇನ್‌ಫ್ಲುಯೆಂಜಾ ಬಂತು. ಕೇರಿಯಲ್ಲಿ ಮನೆಗೆ ಇಬ್ಬರಂತೆ ಮಲಗಿದರು. ಕರಿಸಿದ್ದಪ್ಪನ ದೊಡ್ಡ ಮಗಳಿಗೆ ಮೈ ಕೆಂಡವಾಗಿತ್ತು. ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕುತ್ತಾ ಕೂತು, ಹಗಲು ಬಂದು ತೂಬು ತೆಗೆಯುವುದು ನಡೆದಿತ್ತು. ಒಂದು ಮಧ್ಯಾಹ್ನ ದೇವೀರಪ್ಪನವರ ಪಾಳಿ. ತಮ್ಮ ಉಂಬಳಿ ಗದ್ದೆಗೆ ಹೋಗುತ್ತಿದ್ದ ನೀರನ್ನು ನೆರಳು ತಿರುಗಿದ ಮೇಲೆ ಮುಚ್ಚಿ ಕೆಳಗೆ ಬಿಡಬೇಕಿತ್ತು. ಅದಕ್ಕೆ ಮುಂಚೆ ಒಂದು ನಿಮಿಷ ಕಾಲು ಚಾಚೋಣವೆಂದು ಹೊಂಗೆಮರಕ್ಕೆ ಒರಗಿದರು. ಕಣ್ಣು ಬಿಟ್ಟಾಗ ಹೊತ್ತು ಇಳಿದಿತ್ತು. ದೇವೀರಪ್ಪನವರ ಪಾಳಿಯ ನೀರೆಲ್ಲ ಕರಿಸಿದ್ದಪ್ಪನ ಸ್ವಂತ ಗದ್ದೆಯಲ್ಲಿ ಬದು ಮುಟ್ಟಿ ನಿಂತಿತ್ತು.

ನೋಡಿದವರು ಯಾರೂ ಇಲ್ಲ. ಊರೇ ಮಲಗಿತ್ತು. ಅವರು ನೀರು ಮುಚ್ಚಿ ಮನೆಗೆ ಹೋದರು. ಎರಡು ದಿನದಲ್ಲಿ ಗದ್ದೆ ನೀರು ಕುಡಿದು ಸಾಮಾನ್ಯವಾಗಿ ಕಂಡಿತು. ದೇವೀರಪ್ಪನವರು ಮಾತ್ರ ಪಟೇಲರ ಬಳಿಗೆ ಹೋದರು, ಈ ಸಲವೂ ತೀರ್ಥಮ್ಮನ ಮೇಲೆಯೇ ಅನುಮಾನ. ಮತ್ತೆ ಎಲ್ಲರೂ ತೂಬಿನ ಹತ್ತಿರ ಸೇರಿದರು. ಕೆಂಚಮ್ಮನೂ ಅಂದು ಅಲ್ಲಿದ್ದರು. ಮಗಳಿಗೆ ಗಂಜಿಗೆಂದು ಪಟೇಲರನ್ನು ಒಂದು ಹಿಡಿ ಅಕ್ಕಿ ಕೇಳಲು ಬಂದವರು ಹಿಂದೆ ನಿಂತಿದ್ದರು.

"ತೀರ್ಥಮ್ಮನ ಗದ್ದೆಗೆ ನೀರು ತಿರುಗಿಸಿದ್ಯಾ?" ಎಂದು ಪಟೇಲರು ಕೇಳಿದರು, ಕೇಳಬೇಕಲ್ಲ ಎಂದು.

"ಇಲ್ಲ ಬುದ್ಧಿ."

ಚಿಕ್ಕಬೀರಪ್ಪ ಆಗಲೇ ಬೊಗಸೆ ತುಂಬಿಕೊಂಡಿದ್ದ. ಅವನು ಕುಡಿದಿದ್ದರೆ ಆ ಮಾತು ಅಲ್ಲಿಗೆ ಸತ್ತುಹೋಗುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ತೀರ್ಥಮ್ಮನಿಗೆ ಹನಿ ನೀರೂ ಹೋಗಿರಲಿಲ್ಲ, ಕದ್ದು ತಿರುಗಿಸಿದ್ದೂ ಇಲ್ಲ. ಕೆಲಸ ಹೋದರೆ ಜ್ವರದ ಮಗುವಿಗೆ ಗಂಜಿ ಹುಟ್ಟುವುದಿಲ್ಲ. ಎರಡು ದಿನದಿಂದ ಈ ಲೆಕ್ಕವನ್ನೆಲ್ಲ ಹಾಕಿ ಹಾಕಿ ಸೋತಿದ್ದ ಕರಿಸಿದ್ದಪ್ಪ, ಚಿಕ್ಕಬೀರಪ್ಪನ ಕೈ ಹಿಡಿದರು.

"ತಡಿ. ಬುದ್ಧಿ, ಅವ್ರ ಪಾಳಿ ನೀರು ಬೇರೆ ಕಡೆ ಹೋಗೈತಾ ಅಂತ ಕೇಳಿ ನನ್ನ."

"ಹೋಗೈತೇನ್ಲಾ?"

"ಹೌದು. ನನ್ನ ಗದ್ದೆಗೆ ಹೋಗೈತೆ. ನಿದ್ದೆ ಬಂದ್ಬಿಡ್ತು ಬುದ್ಧಿ. ಬೇಕಂತ ಮಾಡ್ಲಿಲ್ಲ, ಆದ್ರೆ ಹೋದದ್ದು ಹೌದು. ನನ್ನ ಗದ್ದೆ ಬೆಳೆ ದೇವೀರಪ್ನೋರು ಕುಯ್ಕೊಂಡು ಹೋಗ್ಲಿ."

ಬಯ್ಗುಳ ಬರುತ್ತದೆಂದು ಎಲ್ಲರೂ ದೇವೀರಪ್ಪನವರ ಮುಖ ನೋಡಿದರು. ಅವರು ಬಯ್ಯಲಿಲ್ಲ. ನೀರುಗಂಟಿಯ ಹತ್ತಿರಕ್ಕೆ ಬಂದು ಬೇರೆಯೇ ಪ್ರಶ್ನೆ ಕೇಳಿದರು. "ಯುದ್ಧದ ವರ್ಷ ನನ್ನ ಭತ್ತ ಒಣಗ್ತಲ್ಲ. ಆವಾಗ?"

"ಆವಾಗ ಇಲ್ಲ ಅಂದಿದ್ದೆ."

"ಈಗ ಕೇಳ್ತಾ ಇದೀನಿ."

"ಇಲ್ಲ."

ದೇವೀರಪ್ಪನವರು ತೂಬಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ವರ್ಷ ಒಬ್ಬನನ್ನು ಕಳ್ಳನೆಂದು ಹೇಳಿಕೊಂಡು ತಿರುಗಿದ್ದು ಒಂದೇ ಸಲ ಅವರ ಮೇಲೆ ಬಂದು ಬಿತ್ತೆಂದು ಕಾಣುತ್ತದೆ. ಪಟೇಲ ಷಣ್ಮುಖಪ್ಪನವರು ಚಿಕ್ಕಬೀರಪ್ಪನ ಕಡೆ ತಿರುಗಿ, "ಚೆಲ್ಲೋ ಅದನ್ನ. ಇನ್ನು ಮೇಲೆ ನೀನು ಬರೋದು ಬೇಡ" ಎಂದರು. ಚಿಕ್ಕಬೀರಪ್ಪ ಚೆಲ್ಲಲಿಲ್ಲ. ಬಿಸಿಲಿಗೆ ಬಾಯಾರಿತ್ತೆಂದು ಆಣೆಯಿಲ್ಲದೆಯೇ ಕುಡಿದುಬಿಟ್ಟ.

ಕಥೆ ಹೇಳುವವರು ಇಲ್ಲಿಗೆ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿ ಮುಗಿಸಬಹುದು. ಕೆಂಚಮ್ಮ ಬಿಡುವುದಿಲ್ಲ. "ದೇವೀರಪ್ನೋರು ಕುಯ್ಯಾಕೆ ಬಂದ್ರಾ ಅಂತ ಕೇಳಿ! ಬಂದ್ರು ಕಣ್ರೀ. ಒಂದು ತೆನೆ ಬಿಡ್ಲಿಲ್ಲ. ಹುಲ್ಲೂ ಬಿಡ್ಲಿಲ್ಲ. ಇವ್ರು ಅವ್ರ ಹೊರೆ ಎತ್ತಿ ತಲೆಗೆ ಬೇರೆ ಇಟ್ರು." ಹೀಗೆ ಹೇಳಿ ಅವರು ನಗುತ್ತಾರೆ, ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅಂದು ಪಟೇಲರ ಮನೆಯಿಂದ ಅಕ್ಕಿ ಬಂತು, ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಮಗಳು ಉಳಿದಳು. ಈಗ ಯಗಟಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ, ಅಮ್ಮನಷ್ಟೇ ಬಾಯಿ.

ಅದೇ ವರ್ಷ ಕೆಂಚಮ್ಮ ಯಾರೂ ಕರೆಯದೆ ತರೀಕೆರೆಗೆ ಹೊರಟು ನಿಂತರು. ದಾರಿಯುದ್ದಕ್ಕೂ ಗಂಡನೊಡನೆ ಜಗಳವಾಡುತ್ತಲೇ ಹೋದರಂತೆ, ಯಾಕೆ ಬರುತ್ತಿದ್ದೀಯ ಎಂದು ಅವರು ಕೇಳಿದ್ದೇ ತಪ್ಪಾಗಿತ್ತು. ದೀಕ್ಷಾಸ್ನಾನದ ಮುಂಚೆ ದಾನಿಯೇಲಪ್ಪನವರು ಏನನ್ನು ನಂಬಿ ಬಂದೆಯಮ್ಮ ಎಂದು ಕೇಳಿದರು. "ಪುಸ್ತಕದ್ದೆಲ್ಲ ನಂಗೊತ್ತಿಲ್ಲ ಅಯ್ಯೋರೇ. ಮಗಳು ಸಾಯೋ ಹಾಗೆ ಮಲಗಿದ್ಳು, ಇವ್ರು ಹೌದು ಅಂದ್ರು. ನಾನು ಹಿಂದೆ ನಿಂತು ಕೇಳ್ದೆ. ಅಷ್ಟು ಧೈರ್ಯ ಇವ್ರದಲ್ಲ. ನಂಗೊತ್ತಿಲ್ವಾ ಇವ್ರ ಧೈರ್ಯ? ಹಲ್ಲಿ ಬಿದ್ರೆ ಹಾರ್ತಾರೆ. ಅದನ್ನ ಕೊಟ್ಟೋನು ಯಾರೋ ಅವ್ನು ನಂಗೂ ಬೇಕು" ಎಂದುಬಿಟ್ಟರು. ಉಪದೇಶಿಗಳು ಮುಂದಿನ ಪ್ರಶ್ನೆ ಬಿಟ್ಟು ದೀಕ್ಷಾಸ್ನಾನಕ್ಕೇ ಕರೆದರು.

ಈಗ ಅವರ ಮನೆ ಮುಂದೆ ಭಾನುವಾರ ಐದಾರು ಮನೆಯವರು ಸೇರುತ್ತಾರೆ. ದಾನಿಯೇಲಪ್ಪನವರಿಗೆ ವಯಸ್ಸಾಗಿದೆ, ಗಾಡಿಯಲ್ಲಿ ಬರುತ್ತಾರೆ. ಕರಿಸಿದ್ದಪ್ಪ ಈಗಲೂ ಮಧ್ಯದಲ್ಲಿ ಕೈ ಎತ್ತುತ್ತಾರೆ. ಸದ್ಯ ಯಾವ ಮಾತು ನಡೆದಿದೆ ಎಂದು ಕೇಳಿದರೆ ಗುದ್ದಲಿಗೆ ಗದ್ದ ಊರಿ ಯೋಚಿಸುತ್ತಾರೆ. "ಹಗೆಯವ್ರನ್ನ ಪ್ರೀತಿಸು ಅಂತ ಐತೆ. ದೇವೀರಪ್ನೋರ ತನಕ ಹರೀತು. ಚಿಕ್ಕಬೀರಪ್ಪನ ಕಡೆ ಇನ್ನೂ ಹತ್ತಿಲ್ಲ." ಇಷ್ಟು ಹೇಳಿ, ಹೇಳಿದ್ದು ಪೂರಾ ಸರಿಯೇ ಎಂದು ಇನ್ನೊಮ್ಮೆ ಯೋಚಿಸಿ, "ಹೌದು, ಹತ್ತಿಲ್ಲ" ಎಂದು ಒಪ್ಪಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ, ಸಾಯುವುದರೊಳಗೆ ಇನ್ನೊಂದೆರಡು ಮಾತು ಮುಗಿದರೆ ಸಾಕಂತೆ.

ಬಿಸಿಲೇರುವ ಹೊತ್ತಿಗೆ ಏರಿಯ ಮೇಲೆ ಗದ್ದಲ ಕೇಳುತ್ತದೆ. ತರೀಕೆರೆಯ ಅಡಿಕೆ ಮಂಡಿಯ ಓಂಕಾರಮೂರ್ತಿಯವರು ಈ ವರ್ಷವಷ್ಟೇ ಇಲ್ಲಿ ಗದ್ದೆ ಕೊಂಡವರು. ಬೂಟು ಹಾಕಿ, ಛತ್ರಿ ಹಿಡಿದು ಬಂದಿದ್ದಾರೆ. ನಿನ್ನೆ ತಮ್ಮ ಪಾಳಿಯ ನೀರು ಪೂರ್ತಿ ಬಂದಿಲ್ಲವೆಂದು ಅವರ ಆಕ್ಷೇಪ. ಕಾಲುವೆಯ ಕೊನೆಯಿಂದ ದೇವೀರಪ್ಪನವರೂ ಕೋಲೂರಿಕೊಂಡು ಮೆಲ್ಲಗೆ ಬಂದು ಸೇರುತ್ತಾರೆ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿಯೇ ಇದೆ.

"ನಮ್ಮ ನೀರು ಬೇರೆಯವರಿಗೆ ಬಿಟ್ಟೆಯೇನಪ್ಪಾ?" ಎಂದು ಓಂಕಾರಮೂರ್ತಿ ಕೇಳುತ್ತಾರೆ.

"ಇಲ್ಲ ಬುದ್ಧಿ" ಎನ್ನುತ್ತಾರೆ ಕರಿಸಿದ್ದಪ್ಪ.

"ಬಾಯಿಮಾತಿಗೆ ಏನು ಬೆಲೆ? ಇಲ್ಲಿ ಕೆರೆ ನೀರು ಕುಡಿದು ಆಣೆ ಇಡೋ ಪದ್ಧತಿ ಇದೆಯಂತಲ್ಲ. ಇಡು ನೋಡೋಣ."

ಕರಿಸಿದ್ದಪ್ಪ ಬಾಯಿ ತೆರೆಯುವುದರೊಳಗೆ ದೇವೀರಪ್ಪನವರ ಕೋಲು ನೆಲಕ್ಕೆ ಬಡಿಯುತ್ತದೆ. "ಸ್ವಾಮೀ, ಆ ಪದ್ಧತಿ ಈ ತೂಬಿನಲ್ಲಿ ಈಗಿಲ್ಲ. ಅವನು ಇಲ್ಲ ಅಂದ್ನಲ್ಲ, ಮುಗೀತು. ನನ್ನ ಗದ್ದೆ ಒಣಗಿ ಬಿರುಕು ಬಿಟ್ಟು ನಿಂತಿದ್ರೂ, ಅವನು ಇಲ್ಲ ಅಂದ್ರೆ ಇಲ್ಲ ಕಣ್ರೀ."

ಓಂಕಾರಮೂರ್ತಿ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ. ಯಾರೂ ನಗುತ್ತಿಲ್ಲ. ಕೊನೆಗೆ ಅವರು ನೀರುಗಂಟಿಯ ಕಡೆಗೆ ತಿರುಗುತ್ತಾರೆ.

"ನಾಳೆ ನಮ್ಮ ಗದ್ದೆಗೆ ನೀರು ಬರುತ್ತಾ?"

ಕರಿಸಿದ್ದಪ್ಪ ಕೆರೆಯ ನೀರನ್ನು ನೋಡುತ್ತಾರೆ, ಕಂಬದ ನೆರಳನ್ನು ನೋಡುತ್ತಾರೆ, ಅವಸರ ಮಾಡುವುದಿಲ್ಲ.

"ಬರ್ತದೆ."

ಓಂಕಾರಮೂರ್ತಿ ಇನ್ನೊಂದು ಮಾತು ಕೇಳದೆ, ಛತ್ರಿ ಬಿಚ್ಚಿಕೊಂಡು ಏರಿ ಇಳಿದು ಹೋಗುತ್ತಾರೆ.